ನಲ್ಲಿ ಎದುರಿನ ಮನೆ

ನಮ್ಮ ಬೀದಿಗೆ ಮೊನ್ನೆ ಟಾರು ಹಾಕಿದರು. ಬಾಗಿಲ ಎದುರಿಗೇ ಡ್ರಮ್ಮು ಇಟ್ಟು, ಕೆಳಗೆ ಸೌದೆ ಉರಿ ಹಚ್ಚಿ, ಬೆಳಗಿನಿಂದ ಕೊತಕೊತ ಕುದಿಸಿದರು. ಸೊಸೆ ಮೂಗಿಗೆ ಸೆರಗು ಹಿಡಿದು ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಬಂದಳು. "ಅತ್ತೆ, ಒಳಗೆ ಬನ್ನಿ, ತಲೆನೋವು ಬಂದೀತು" ಅಂದಳು. ಬರುವುದಿಲ್ಲ ಅಂದೆ. ಎಪ್ಪತ್ತು ದಾಟಿದ ಮೇಲೆ ಹಠ ಮಾಡಲು ಕಾರಣ ಕೊಡಬೇಕಾಗಿಲ್ಲ. ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನಮ್ಮ ಎದುರುಮನೆ ದೊಡ್ಡವ್ವ ಕಣ್ಣ ಮುಂದೆ ಬಂದುಬಿಟ್ಟಳು. ಬೆಂಗಳೂರಿನ ಕಾದ ರಸ್ತೆಯ ಮೇಲೆ ಬರಿಗಾಲಲ್ಲಿ ನಿಂತು, ಒಂದು ಪಾದ ಎತ್ತಿ ಇನ್ನೊಂದನ್ನು ಊರಿ, ಮತ್ತೆ ಅದನ್ನೆತ್ತಿ ಇದನ್ನು ಊರುತ್ತಾ ನನ್ನನ್ನು ಬೈಯುತ್ತಿದ್ದಳು.

"ನೆಲಾನೇ ಕಾಲ್ ಕಚ್ಚತದಲ್ಲೇ ಕೂಸೇ! ಇದ್ಯಾವ್ ಊರಿಗ್ ಕರ್ಕಬಂದೆ ನನ್ನ?"

ನಾನು ಅವಳನ್ನು ಕರೆದುಕೊಂಡು ಹೋಗಿದ್ದೆನೋ, ಅವಳು ನನ್ನನ್ನು ಎಳೆದುಕೊಂಡು ಹೋಗಿದ್ದಳೋ... ಅವತ್ತಿನ ದಿನವೇ ಹಾಗಿತ್ತು.

ದೊಡ್ಡವ್ವ ಅಂದರೆ ರಕ್ತಸಂಬಂಧವೇನಲ್ಲ. ಮದ್ದೂರಿನಲ್ಲಿ ನಾವಿದ್ದ ಬಾಡಿಗೆ ಮನೆಯ ಎದುರಿಗೆ ಅವರ ಮನೆ, ಅಷ್ಟೆ. ನಾನು ಮದುವೆಯಾಗಿ ಕೆರಗೋಡಿನಿಂದ ಬಂದ ಹೊಸತು. ಹೆತ್ತವಳು ನನಗೆ ಬುದ್ಧಿ ತಿಳಿಯುವ ಮೊದಲೇ ಹೋಗಿದ್ದಳು. ಸಾಕಿದ್ದು ತಾತ. ತಾತನಿಗೆ ಬೇಸಾಯ ಬರುತ್ತಿತ್ತು, ಮೊಮ್ಮಗಳಿಗೆ ಅಡಿಗೆ ಕಲಿಸುವುದು ಬರುತ್ತಿರಲಿಲ್ಲ. ನನ್ನ ಸಂಸಾರದ ಮೊದಲನೇ ಮುದ್ದೆಯನ್ನು ದೊಡ್ಡವ್ವ ಬಾಗಿಲಲ್ಲೇ ನಿಂತು ನೋಡಿ, "ಅಯ್ಯೋ ನಿನ್ ಮನೆ ಕಾಯ್ವಾಗ, ಇದೇನ್ ಮಗಾ, ಉಣ್ಣಕ್ಕೋ ಗೋಡೆಗ್ ಮೆತ್ತಕ್ಕೋ?" ಎಂದು ನಕ್ಕು, ಒಳಗೆ ಬಂದು, ನನ್ನ ಕೈಯಿಂದ ಕೋಲು ಕಿತ್ತುಕೊಂಡಳು. ಅವತ್ತಿನಿಂದ ಅವಳು ನನಗೆ ದೊಡ್ಡವ್ವ, ಅವಳ ಗಂಡ ದೊಡ್ಡಯ್ಯ.

ದೊಡ್ಡಯ್ಯ ಅಂದರೆ ಬೀದಿಗೆಲ್ಲ ಹೆದರಿಕೆ. ಊರಾಚೆ ಆಲೆಮನೆ ಇಟ್ಟುಕೊಂಡು ಬೆಲ್ಲ ಮಾಡಿಸುತ್ತಿದ್ದರು. ಮಾಡುವುದು ಬೆಲ್ಲವಾದರೂ ಬಾಯಲ್ಲಿ ಒಂದು ಸಿಹಿ ಮಾತು ಬರುತ್ತಿರಲಿಲ್ಲ. ಅವರಿಗೆ ಗಂಡುಮಕ್ಕಳ ಕೆಳಗೆ ಒಬ್ಬಳೇ ಮಗಳು. ಅವಳನ್ನು ಬೆಂಗಳೂರಿನ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದವನಿಗೆ ಕೊಟ್ಟಿದ್ದರು. ನಾನು ಬಂದ ವರ್ಷದ ಯುಗಾದಿಗೆ ಮಗಳು ಅಳಿಯ ಬಂದರು. ಮಾರನೇ ದಿನ ಹೊಸತೊಡಕು. ಮನೆ ತುಂಬ ನೆಂಟರು, ಅಂಗಳದಲ್ಲಿ ಮರಿ ಕಡಿದಿದ್ದರು. ಆ ಗಲಾಟೆಯಲ್ಲಿ ಯಾರೋ ಮೊದಲ ಪಂಕ್ತಿಗೆ ಅಳಿಯನನ್ನು ಕರೆಯುವುದು ಮರೆತರು. ನೆಂಟರು ಉಂಡು ಕೈತೊಳೆಯುವಾಗ ಅವನು ಜಗಲಿಯ ಕಂಬಕ್ಕೆ ಒರಗಿ ನಿಂತೇ ಇದ್ದ. ಎರಡನೇ ಪಂಕ್ತಿಗೆ ಎಲೆ ಹಾಕಿದಾಗ, ಎಂಜಲು ಒರೆಸಿದ ಜಾಗದಲ್ಲಿ ಕೂರುವುದಿಲ್ಲ ಅಂದ. ದೊಡ್ಡಯ್ಯ ಸುಮ್ಮನಿದ್ದಿದ್ದರೆ ಆಗುತ್ತಿತ್ತು. "ಓಗೋರ್ನ ಯಾರೂ ಇಡ್ಕಂಡಿಲ್ಲ" ಅಂದುಬಿಟ್ಟರು. ಅವನು ಹೆಂಡತಿಯ ಕೈ ಹಿಡಿದು ಹೊರಟೇಬಿಟ್ಟ.

ದೊಡ್ಡವ್ವ ಮೊರದಲ್ಲಿ ಅಕ್ಕಿ ಹಾಕಿಕೊಂಡು, ಅದರ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೀದಿಯಲ್ಲಿ ಓಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ತೌರಿಗೆ ಬಂದ ಮಗಳು ಹೊರಡುವಾಗ ಅವಳ ಸೆರಗೊಡ್ಡಿಸಿ ಮಡಿಲು ತುಂಬಿ ಕಳಿಸಬೇಕು. ಬರಿ ಮಡಿಲಲ್ಲಿ ಹೋದರೆ ತೌರು ಕಡಿದ ಹಾಗೆ ಎಂದು ನಮ್ಮ ಕಡೆ ನಂಬಿಕೆ. ಅವಳು ಬಾವಿಕಟ್ಟೆಯ ತನಕ ಓಡುವುದರೊಳಗೆ ಗಂಡ ಹೆಂಡತಿ ಸ್ಟೇಷನ್ನಿನ ದಾರಿ ತಿರುಗಿಬಿಟ್ಟಿದ್ದರು. ಮೊರ ಹಿಡಿದುಕೊಂಡೇ ವಾಪಸ್ಸು ಬಂದಳು. ಆ ಮಗಳ ಹೆಸರನ್ನು ಇನ್ನು ಈ ಮನೆಯಲ್ಲಿ ಎತ್ತಕೂಡದು ಎಂದು ದೊಡ್ಡಯ್ಯ ಎಲ್ಲರೆದುರಿಗೆ ಹೇಳಿದರು. ಆಮೇಲೆ ಯಾರೂ ಎತ್ತಲಿಲ್ಲ.

ಅದಾಗಿ ವರ್ಷ ಕಳೆದಿತ್ತು. ಯುದ್ಧದ ಕಾಲ, ಸೀಮೆಎಣ್ಣೆಗೂ ಅಕ್ಕಿಗೂ ಪರದಾಟ. ನಮ್ಮ ಯಜಮಾನರು ಕೆಲಸಕ್ಕಿದ್ದ ಅಕ್ಕಿ ಗಿರಣಿಯ ಬೆಲ್ಟು ಕಿತ್ತುಹೋಗಿ, ಹೊಸದು ತರಲು ಅವರು ಬೆಂಗಳೂರಿಗೆ ಹೊರಟರು. ನಾನೂ ಬರುತ್ತೇನೆ ಎಂದು ಹಠ ಹಿಡಿದೆ. ಬಳೇಪೇಟೆಯಲ್ಲಿ ಬಳೆ ಇಟ್ಟುಕೊಳ್ಳಬೇಕು, ಹೋಟೆಲಿನಲ್ಲಿ ಕೂತು ಕಾಫಿ ಕುಡಿಯಬೇಕು, ತಾನಾಗಿ ತಿರುಗುವ ಫ್ಯಾನು ನೋಡಬೇಕು, ಇಷ್ಟೇ ನನ್ನ ಆಸೆ. "ಪ್ಯಾಟೇಲಿ ನಿನ್ನ ಎಲ್ ಬುಟ್ಟು ಓಗ್ಲಿ?" ಎಂದು ಅವರು ಗೊಣಗುತ್ತಿದ್ದಾಗ ಎದುರು ಜಗಲಿಯಿಂದ ದೊಡ್ಡವ್ವ, "ನಾನ್ ಜೊತೇಲಿರ್ತೀನಿ ಬುಡಪ್ಪ. ನಾನೂ ಒಂದ್ಸಲ ಬೆಂಗ್ಳೂರ್ ನೋಡ್ದಂಗಾಯ್ತದೆ" ಅಂದಳು. ಮಳವಳ್ಳಿ ಕಡೆಯ ತನ್ನ ತೌರು ಬಿಟ್ಟರೆ ಬೇರೆ ಊರು ನೋಡದವಳು! ದೊಡ್ಡಯ್ಯ ಏನನ್ನುತ್ತಾರೋ ಎಂದು ನಾನು ಹೆದರಿ ನೋಡಿದೆ. ಅವರು ತಲೆ ಎತ್ತದೆ, "ಓಗ್ಬುಟ್ ಬರ್ಲಿ" ಅಂದರು.

ಬೆಳಗಿನ ರೈಲಿಗೆ ದೊಡ್ಡವ್ವ ಕಂಕುಳಲ್ಲಿ ಒಂದು ಬಿಳಿ ಬಟ್ಟೆಯ ಗಂಟು ಇಟ್ಟುಕೊಂಡು ಬಂದಳು. ಮೂವರಿಗೆ ಬುತ್ತಿ ತಂದಿದ್ದಾಳೆ ಎಂದುಕೊಂಡು ನಾನು ನಿಶ್ಚಿಂತಳಾದೆ.

ಯಜಮಾನರು ನಮ್ಮನ್ನು ಸ್ಟೇಷನ್ ಎದುರಿನ ಛತ್ರದಲ್ಲಿ ಕೂರಿಸಿ, ಸಾಯಂಕಾಲದ ರೈಲಿನ ಹೊತ್ತಿಗೆ ಬರುತ್ತೇನೆ, ಅಷ್ಟರವರೆಗೆ ಇಲ್ಲೇ ಹತ್ತಿರ ಓಡಾಡಿಕೊಂಡಿರಿ ಎಂದು ಹೇಳಿ ಹೋದರು. ಅವರ ಬೆನ್ನು ಮರೆಯಾದದ್ದೇ ದೊಡ್ಡವ್ವ ಎದ್ದು ನಿಂತಳು. ಛತ್ರದ ಕಾವಲಿನವನನ್ನು, "ಕಾಟನ್‌ಪ್ಯಾಟೆಗೆ ಯಾವ್ ದಿಕ್ಕಪ್ಪ?" ಎಂದು ಕೇಳಿದಳು. ಆ ಹೆಸರು ಅವಳ ಬಾಯಲ್ಲಿ ಅಷ್ಟು ಸಲೀಸಾಗಿ ಬಂದದ್ದು ಕೇಳಿ ನನಗೆ ಆಶ್ಚರ್ಯವಾಯಿತು. ಬಳೇಪೇಟೆ ಅಂದೆ. "ಆಮ್ಯಾಕೆ ಬಳೆ" ಅಂದಳು.

ಆ ಬೀದಿಗಳಲ್ಲಿ ನಡೆದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಜಟಕಾ ಕುದುರೆಗಳ ಲದ್ದಿ ವಾಸನೆ, ಒಂದು ತಿರುವಿನಲ್ಲಿ ಕಾಫಿ ಬೀಜ ಹುರಿಯುವ ಘಮ, ಅಕ್ಕಿಪೇಟೆಯ ಗೋಣಿಚೀಲಗಳ ಧೂಳು. ಬಿಳಿ ಸೋಜರರು ತುಂಬಿದ ಲಾರಿಯೊಂದು ಬಂದಾಗ ನಾವಿಬ್ಬರೂ ಗೋಡೆಗೆ ಅಂಟಿಕೊಂಡೆವು. ಒಂದು ಅಂಗಡಿಯಲ್ಲಿ ನನ್ನ ಫ್ಯಾನು ತಿರುಗುತ್ತಿತ್ತು. ನಿಂತು ನೋಡುವಷ್ಟರಲ್ಲಿ ದೊಡ್ಡವ್ವ ನನ್ನ ರಟ್ಟೆ ಹಿಡಿದು ಎಳೆದಳು. ಅಷ್ಟೊಂದು ಜನ! ನಮ್ಮೂರಲ್ಲಾದರೆ ಹೊಸಬರು ಬೀದಿಗೆ ಕಾಲಿಟ್ಟರೆ, ಯಾವೂರು, ಯಾರ ಪೈಕಿ ಎಂದು ಕೇಳದೆ ಬಿಡುವವರಿಲ್ಲ. ಇಲ್ಲಿ ಒಬ್ಬರೂ ಕೇಳಲಿಲ್ಲ. ಅಷ್ಟು ಜನರ ನಡುವೆ ನನಗೆ ಯಾಕೋ ಅಳು ಬರುವ ಹಾಗಾಯಿತು.

ಕಾಟನ್‌ಪೇಟೆ ಬಂದ ಮೇಲೆ ದೊಡ್ಡವ್ವ ಒಂದು ನಲ್ಲಿಯ ಮುಂದೆ ನಿಂತಳು. ಬೀದಿಯ ಕೊನೆಯ ಕಬ್ಬಿಣದ ನಲ್ಲಿ, ಕೆಳಗೆ ಪಾಚಿಗಟ್ಟಿದ ಕಲ್ಲು. ದೇವರನ್ನು ನೋಡುವ ಹಾಗೆ ಅದನ್ನು ನೋಡಿ, ಬೆವರು ಒರೆಸಿಕೊಂಡು, ತಲೆಗೂದಲು ಸರಿಮಾಡಿಕೊಂಡು, ಎದುರಿನ ಮನೆಯ ಬಾಗಿಲು ಬಡಿದಳು. ಬನಿಯನ್ನು ಹಾಕಿದ ಮುದುಕರೊಬ್ಬರು ಬಂದು ಏನು ಎಂಬ ಹಾಗೆ ನೋಡಿದರು. ಅಲ್ಲಿ ಯಾವ ಮದ್ದೂರಿನ ಹುಡುಗಿಯೂ ಇರಲಿಲ್ಲ.

ಆಗ ನನಗೆ ಎಲ್ಲವೂ ತಿಳಿಯಿತು. ಆ ಯುಗಾದಿಯಲ್ಲಿ, ಜಗಳಕ್ಕೆ ಮೊದಲು, ಮಗಳು ಜಗಲಿಯಲ್ಲಿ ಕೂತು ಜಂಬದಿಂದ ಹೇಳುತ್ತಿದ್ದದ್ದು ನನಗೂ ಕೇಳಿಸಿತ್ತು. "ನೀರಿಗೆ ಒಳೆಗೂ ಓಗಂಗಿಲ್ಲ, ಬಾವಿಗೂ ಓಗಂಗಿಲ್ಲ ಕಣವ್ವ. ನಮ್ಮನೆ ಎದ್ರುಗೇ ನಲ್ಲಿ. ಕಾಟನ್‌ಪ್ಯಾಟೇಲಿ ನಲ್ಲಿ ಎದ್ರುಗಡೆ ವಠಾರ ಅಂದ್ರೆ ಸಾಕು." ಅವ್ವ ಅಪ್ಪ ಇಬ್ಬರೂ ಬಾಯಿಬಿಟ್ಟುಕೊಂಡು ಕೇಳಿದ್ದರು. ಶಿಂಷಾ ಹೊಳೆಯಿಂದ ಕೊಡ ಹೊತ್ತು ಬೆಳೆದವರಿಗೆ ಮನೆ ಎದುರಿಗೆ ನೀರು ಅಂದರೆ ಸಣ್ಣ ಮಾತೇ? ನಮ್ಮಲ್ಲಿ ಅರಳಿಮರದ ಎದುರುಮನೆ ಅಂದರೆ ಅದೊಂದೇ ಮನೆ. ನಲ್ಲಿಯೂ ಹಾಗೇ, ಪೇಟೆಗೆ ಒಂದೇ ಎಂದು ದೊಡ್ಡವ್ವ ತಿಳಿದಿದ್ದಳು.

ಪಕ್ಕದ ಬೀದಿಯಲ್ಲಿ ಇನ್ನೊಂದು ನಲ್ಲಿ ಇತ್ತು. ಅದರಾಚೆ ಮತ್ತೊಂದು. ಅಲ್ಲಿಂದ ಓಣಿ ಹೊಕ್ಕರೆ ಅಲ್ಲೂ ಒಂದು. ಒಂದೊಂದು ನಲ್ಲಿ ಕಂಡಾಗಲೂ ದೊಡ್ಡವ್ವನ ಮುಖ ಇಳಿಯುತ್ತಾ ಬಂತು. ಎದುರಿನ ಬಾಗಿಲು ಬಡಿಯುವಳು, "ಮದ್ದೂರ್ ಎಣ್ಣುಮಗ್ಳು, ಗಂಡ ಮಿಲ್ಲಿಗ್ ಓಯ್ತನೆ" ಅನ್ನುವಳು. "ಇಲ್ಲಿ ಎಲ್ಲರ ಗಂಡಂದಿರೂ ಮಿಲ್ಲಿಗೇ ಹೋಗೋದಮ್ಮ" ಎಂದು ಅವರು ಬಾಗಿಲು ಹಾಕಿಕೊಳ್ಳುವರು. ನಾನು ಹಿಂದೆ ಹಿಂದೆ ನಡೆದೆ. ಸಿಟ್ಟು ಬಂದಿತ್ತು, ಸುಳ್ಳು ಯಾಕೆ? ನನ್ನ ಬಳೆ ಹೋಯಿತು, ಕಾಫಿ ಹೋಯಿತು. ಬಿಸಿಲೇರಿ ಟಾರು ಕಾದು, ಚಪ್ಪಲಿ ಇಲ್ಲದ ಅವಳು ಕುಣಿಯುತ್ತಾ ನನ್ನನ್ನು ಬೈದದ್ದು ಆಗಲೇ.

ಹಸಿವೂ ತಡೆಯಲಾಗಲಿಲ್ಲ. "ಆ ಬುತ್ತೀನಾದ್ರೂ ಬಿಚ್ಚು ದೊಡ್ಡವ್ವ" ಎಂದು ಗಂಟಿಗೆ ಕೈ ಹಾಕಿದೆ. ಅವಳು ಗಂಟನ್ನು ಎದೆಗವಚಿಕೊಂಡು ಅತ್ತ ತಿರುಗಿದಳು. "ಮುಟ್ಬ್ಯಾಡ ಕಣೇ! ಅದು ಅವಳ್ ಮಡ್ಲಕ್ಕಿ."

ಸೊಂಟದಿಂದ ಬೇರೊಂದು ಸಣ್ಣ ಪೊಟ್ಟಣ ತೆಗೆದು ನನಗೆ ರೊಟ್ಟಿ ಕೊಟ್ಟಳು. ತಾನು ತಿನ್ನಲಿಲ್ಲ. ನೆರಳಲ್ಲಿ ಕೂತು, ಹೇಳುವುದೋ ಬೇಡವೋ ಎಂಬ ಹಾಗೆ ನಿಧಾನಕ್ಕೆ ಹೇಳಿದಳು. ಒಂದು ವರ್ಷದಿಂದ ಅನ್ನ ರುಚಿಸುತ್ತಿಲ್ಲ, ಮೊರ ಕಂಡರೆ ಸಂಕಟವಾಗುತ್ತದೆ. ಆರಿಸಿದ ಅಕ್ಕಿ, ಅಚ್ಚು ಬೆಲ್ಲ, ಕಾಯಿ, ಎಲೆ ಅಡಿಕೆ, ಅರಿಶಿನದ ಕೊಂಬು, ರವಿಕೆಗೆ ಹಸಿರು ಬಟ್ಟೆ, ಎಲ್ಲವನ್ನೂ ಗಂಡನಿಗೆ ಕಾಣದ ಹಾಗೆ ಒಂದೊಂದಾಗಿ ಜೋಡಿಸಿದ್ದಾಳೆ. ಮಗಳ ಹೆಸರು ಹೇಳಿ ಕಟ್ಟಿದ ಮಡಿಲಕ್ಕಿಯನ್ನು ತಿರುಗಿ ಮನೆಯೊಳಗೆ ತರಬಾರದು. ಅವತ್ತು ಮೊರ ಹೊತ್ತು ವಾಪಸ್ಸು ಬಂದದ್ದೇ ತಪ್ಪಾಯಿತು, ಅದಕ್ಕೇ ಮಗಳ ಸುದ್ದಿ ನಿಂತುಹೋಯಿತು ಎಂದು ಅವಳ ನಂಬಿಕೆ. "ಅವ್ಳ ಮಡ್ಲಿಗಾಕ್ಬುಟ್ರೆ ಸಾಕು ಮಗಾ. ಮಾತಾಡ್ಸ್ದೆ ಇದ್ರೂ ಚಿಂತಿಲ್ಲ. ಆಕ್ಬುಟ್ಟು ಬಂದ್ಬುಡ್ತೀನಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ನನ್ನ ಮಡಿಲಿಗೆ ಹೆತ್ತವರ ಮನೆಯ ಅಕ್ಕಿ ಎಂದೂ ಬಿದ್ದಿರಲಿಲ್ಲ. ಆ ಗಂಟನ್ನು ನೋಡಿ, ಆ ಮಗಳ ಮೇಲೆ ಹೊಟ್ಟೆಕಿಚ್ಚೇ ಆಯಿತು.

ಮಧ್ಯಾಹ್ನದ ಹೊತ್ತು ನಲ್ಲಿಗಳಲ್ಲಿ ನೀರಿರಲಿಲ್ಲ. ಒಂದು ಓಣಿಯಲ್ಲಿ ನಲ್ಲಿಯಿಂದ ಹಿಡಿದು ಬೀದಿಯ ತಿರುವಿನ ತನಕ ಬರಿ ಕೊಡಗಳು ಸಾಲಾಗಿ ಕೂತಿದ್ದವು, ಹಿತ್ತಾಳೆಯವು, ಮಣ್ಣಿನವು, ಕಂಠ ಮುರಿದವು. ಕೊಡವಿಲ್ಲದವರು ಕಲ್ಲಿಟ್ಟು ಹೋಗಿದ್ದರು. ದೊಡ್ಡವ್ವ ಆ ಸಾಲಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. "ಬಾಗ್ಲು ಬಡ್ಯದು ಸಾಕು. ನೀರ್ ಬಂದ್ರೆ ಎಂಗಸ್ರು ಬತ್ತರೆ. ಒಳೆ ಮೆಟ್ಲಲ್ಲಿ ಕುಂತ್ರೆ ಊರೆಲ್ಲಾ ಸಿಕ್ಕಲ್ವಾ?" ನನಗೂ ಬೇರೇನೂ ತೋಚಲಿಲ್ಲ, ಪಕ್ಕದಲ್ಲಿ ಕೂತೆ. ಎದುರಿನ ಗೋಡೆಯ ನೆರಳು ನಮ್ಮ ಕಾಲ ತನಕ ಬಂತು. ದೊಡ್ಡವ್ವ ಆ ಕೊಡಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಮದುವೆಯಲ್ಲಿ ತಾನು ಮಗಳಿಗೆ ಕೊಟ್ಟ ಕೊಡ ಅಲ್ಲಿದೆಯೇನೋ ಎಂದು ಹುಡುಕುತ್ತಿದ್ದಾಳೆ ಎಂದು ನನಗೆ ಆಮೇಲೆ ಗೊತ್ತಾಯಿತು. ಅದು ಅಲ್ಲಿರಲಿಲ್ಲ.

ಮಿಲ್ಲಿನ ಕೂಗು ಕೇಳಿಸಿತು. ಸ್ವಲ್ಪ ಹೊತ್ತಿಗೆ ನಲ್ಲಿ ಗೊರಗೊರ ಅಂದಿತು, ಎಲ್ಲ ಬಾಗಿಲುಗಳಿಂದಲೂ ಹೆಂಗಸರು ಓಡಿಬಂದರು. ನನ್ನ ಕೊಡ ಮುಂದಿತ್ತು, ನಿನ್ನ ಕಲ್ಲು ಹಿಂದಿತ್ತು ಎಂದು ಜಗಳವೂ ಶುರುವಾಯಿತು. ಆ ಗದ್ದಲದಲ್ಲಿ ದೊಡ್ಡವ್ವ ಒಬ್ಬೊಬ್ಬರ ಮುಖವನ್ನೂ ನೋಡಿ, ಒಬ್ಬೊಬ್ಬರನ್ನೂ ಕೇಳಿದಳು. ಕೋಲಾರದ ಕಡೆಯ ಒಬ್ಬ ಹೆಂಗಸು, ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡವಳು, ನಿಂತಳು.

"ಎಡಗೆನ್ನೆ ಮೇಲೆ ಮಚ್ಚೆ ಐತಲ್ಲ, ಆಯಮ್ಮನಾ? ನೀವು ಏನಾಗಬೇಕು?"

"ಎತ್ತವ್ವ" ಅಂದಳು ದೊಡ್ಡವ್ವ.

ಆ ಹೆಂಗಸು ಕೊಡ ಕೆಳಗಿಟ್ಟು, ನಮ್ಮನ್ನು ನಲ್ಲಿ ಎದುರಿನ ವಠಾರದೊಳಕ್ಕೆ ಕರೆದುಕೊಂಡು ಹೋದಳು. ಕೊನೆಯ ಕೋಣೆ ತೋರಿಸಿದಳು. ಅದರ ಹೊಸ್ತಿಲ ಮೇಲೆ ಬೇರೆ ಯಾರದೋ ಮಗು ಕೂತಿತ್ತು. ಮಿಲ್ಲಿನಲ್ಲಿ ಏನೋ ತಂಟೆಯಾಗಿ ಗಂಡನ ಕೆಲಸ ಹೋಯಿತಂತೆ. ಹೋದ ದೀಪಾವಳಿ ಕಳೆದ ಮೇಲೆ ಸಾಮಾನು ಕಟ್ಟಿಕೊಂಡು ಹೊರಟರಂತೆ. ಬೊಂಬಾಯಿಯೋ, ಸೋಲಾಪುರವೋ, ಎಲ್ಲಿ ಕೆಲಸ ಸಿಕ್ಕರೆ ಅಲ್ಲಿಗೆ ಅಂದಿದ್ದರಂತೆ. "ಹೊಟ್ಟೆ ಕಾಣಿಸ್ತಿತ್ತಮ್ಮ ಆಗಲೇ. ತಾಯಿ ಮನೆ ಕಡೆಯೋರು ಯಾರೂ ಬರಲಿಲ್ಲ. ಬಸುರಿ ಹೆಂಗಸು ಬರಿ ಮಡಿಲಲ್ಲಿ ಹೋಗಬಾರದು ಅಂತ ನಾನೇ ಮನೇಲಿದ್ದ ಅಕ್ಕಿ ಮಡಿಲಿಗೆ ಹಾಕಿ ಕಳಿಸಿದೆ. ತುಂಬ ಅತ್ತಳು."

ದೊಡ್ಡವ್ವ ಆ ಕೋಣೆಯ ಬಾಗಿಲವಾಡದ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು. ಅತ್ತಳೇ? ನನಗೆ ನೆನಪಿರುವ ಹಾಗೆ ಅಳಲಿಲ್ಲ. ಆಮೇಲೆ ತಿರುಗಿ, "ನಾನ್ ಮಾಡ್ಬೇಕಾದ್ದ ನೀನ್ ಮಾಡಿದ್ದೀಯ ಕಣವ್ವ. ಸೆರಗೊಡ್ಡು" ಅಂದಳು.

ಅವಳು ಗಂಟು ಬಿಚ್ಚುವಾಗ ಒಂದು ಗಳಿಗೆ, ಒಂದೇ ಗಳಿಗೆ, ನನ್ನ ಕೈ ನನ್ನ ಸೆರಗಿಗೆ ಹೋಗಿತ್ತು. ಯಾರೂ ನೋಡಲಿಲ್ಲ. ಕೈ ತೆಗೆದುಬಿಟ್ಟೆ. ಆ ಗುರುತಿಲ್ಲದ ಹೆಂಗಸು ಅಯ್ಯೋ ಬೇಡಮ್ಮ ಬೇಡಮ್ಮ ಎನ್ನುತ್ತಲೇ ಸೆರಗೊಡ್ಡಿ ನಿಂತಳು. ದೊಡ್ಡವ್ವ ಅಕ್ಕಿ, ಕಾಯಿ, ಬೆಲ್ಲ, ಎಲೆ ಅಡಿಕೆ ಎಲ್ಲವನ್ನೂ ಒಂದೊಂದಾಗಿ ಹಾಕಿ, ಅವಳ ಕೆನ್ನೆಗೆ ಅರಿಶಿನ ಹಚ್ಚಿ, ಹಣೆಗೆ ಕುಂಕುಮವಿಟ್ಟಳು. ಮಗಳಾದವಳು ಮಾಡುವ ಹಾಗೆ ಆ ಹೆಂಗಸು ಒಂದು ಹಿಡಿ ಅಕ್ಕಿ ತೆಗೆದು, "ತಾಯಿ ಮನೆ ತುಂಬಿರಲಿ" ಎಂದು ದೊಡ್ಡವ್ವನಿಗೆ ತಿರುಗಿ ಕೊಟ್ಟಳು. ದೊಡ್ಡವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹೊರಗೆ ನಲ್ಲಿಯ ಹತ್ತಿರ ಇನ್ನೂ ಜಗಳ ನಡೆಯುತ್ತಿತ್ತು.

ಯಜಮಾನರು ಛತ್ರದ ಮುಂದೆ ಬೆಲ್ಟು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಎಲ್ಲಿ ಹಾಳಾಗಿ ಹೋಗಿದ್ದಿರಿ ಎಂದು ಕೂಗಾಡಿದರು. ಊರು ನೋಡುತ್ತಿದ್ದೆವು ಅಂದೆ. ರೈಲಿನಲ್ಲಿ ದೊಡ್ಡವ್ವ ಕಿಟಕಿಯ ಕಡೆ ತಿರುಗಿ ಕೂತಳು. ರಾಮನಗರ ದಾಟಿದ ಮೇಲೆ ಒಂದು ಸಲ ನನ್ನ ಕಡೆ ತಿರುಗಿ, "ಅವ್ಳಿಗಾಕ್ದ ಅಕ್ಕಿ ಎಂಥದು ಅಂತ ಕೇಳ್ಳೇ ಇಲ್ವಲ್ಲ ಮಗಾ" ಅಂದಳು. ಒಳ್ಳೆ ಅಕ್ಕಿಯೇ ಇರುತ್ತದೆ ಬಿಡು ಅಂದೆ. ಇಳಿಯುವಾಗ, "ದೊಡ್ಡಯ್ಯಂಗೆ ಯೋಳ್ಬ್ಯಾಡ" ಎಂದು ಕೈ ಹಿಡಿದು ಕೇಳಿಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ದೊಡ್ಡಯ್ಯ ಜಗಲಿಯ ಮೇಲೆ ಕೂತಿದ್ದರು. ದೊಡ್ಡವ್ವ ಅವರ ಮುಖ ನೋಡದೆ ಒಳಗೆ ಹೋದಳು. ನಾನೂ ನಮ್ಮ ಬಾಗಿಲ ಕಡೆ ತಿರುಗಿದ್ದೆ. ಹಿಂದಿನಿಂದ, ಒಳಗೆ ಕೇಳಿಸದ ಹಾಗೆ ತಗ್ಗಿಸಿದ ದನಿಯಲ್ಲಿ ದೊಡ್ಡಯ್ಯ ಕರೆದರು.

"ನಲ್ಲಿ ಸಿಕ್ತೇನವ್ವಾ?"

ಮಾತು ಕೊಟ್ಟು ಬಂದಿದ್ದೆ. ಆದರೂ ಆ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ.

"ಸಿಕ್ತು ದೊಡ್ಡಯ್ಯ. ಅವ್ರಿಲ್ಲ. ಬೊಂಬಾಯಿ ಕಡೆ ಓದ್ರಂತೆ."

ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಮುಖದ ಮೇಲೆ ಹಾಕಿಕೊಂಡರು. "ಸೊಳ್ಳೆ ಜಾಸ್ತಿ ಕಣವ್ವ, ಒಳಿಕ್ ಓಗು. ಅವ್ಳಿಗೆ ನಾನ್ ಕೇಳ್ದೆ ಅನ್ಬ್ಯಾಡ" ಅಂದರು.

ಅವರು ಕೇಳಿದ್ದನ್ನು ನಾನು ದೊಡ್ಡವ್ವನಿಗೆ ಹೇಳಲಿಲ್ಲ, ಮಡಿಲಕ್ಕಿಯ ವಿಷಯವನ್ನು ದೊಡ್ಡಯ್ಯನಿಗೂ ಹೇಳಲಿಲ್ಲ. ಅವರಿಬ್ಬರೂ ಸಾಯಂಕಾಲ ಅದೇ ಜಗಲಿಯ ಎರಡು ತುದಿಯಲ್ಲಿ ಕೂರುತ್ತಿದ್ದರು. ಒಬ್ಬರ ಮನಸ್ಸಿನಲ್ಲಿದ್ದದ್ದು ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಮಳೆ, ಕಬ್ಬು, ದನ ಇಷ್ಟನ್ನೇ ಮಾತಾಡುತ್ತಿದ್ದರು. ಹೇಳಿಬಿಡೋಣವೇ ಎಂದು ಎಷ್ಟೋ ಸಲ ಬೀದಿ ದಾಟಿ ಹೋಗಿ, ಸಾರು ಕೇಳಿಕೊಂಡು ವಾಪಸ್ಸು ಬಂದಿದ್ದೇನೆ. ಮುಂದಿನ ಮಳೆಗಾಲದಲ್ಲಿ ಚಳಿಜ್ವರ ಬಂತು. ನಮ್ಮ ಕಡೆ ಆಗ ಮನೆಮನೆಗೂ ಬರುತ್ತಿತ್ತು. ದೊಡ್ಡವ್ವ ಹಾಸಿಗೆ ಹಿಡಿದವಳು ಏಳಲಿಲ್ಲ. ಸ್ವಾತಂತ್ರ್ಯ ಬಂದ ವರ್ಷ ದೊಡ್ಡಯ್ಯನೂ ಹೋದರು. ನಮ್ಮ ಯಜಮಾನರಿಗೆ ಮಂಡ್ಯದಲ್ಲಿ ಕೆಲಸವಾಯಿತು, ನಾವು ಇಲ್ಲಿಗೆ ಬಂದೆವು. ಆ ಮಗಳು ಬರಲಿಲ್ಲ. ಯಾರೋ ಸೋಲಾಪುರದಲ್ಲಿ ನೋಡಿದೆ ಅಂದರು, ಇನ್ಯಾರೋ ಅವಳಲ್ಲ ಅಂದರು...

ನನ್ನ ಮಕ್ಕಳಿಗೆ ಇದನ್ನು ಹೇಳಿದರೆ, ಎಷ್ಟು ಹಳೆಯ ಕಥೆ ಅಮ್ಮ ಎನ್ನುತ್ತಾರೆ. ಹಳೆಯದೇ. ಆ ಬೀದಿಯವರು, ಆ ಪಂಕ್ತಿಯಲ್ಲಿ ಉಂಡವರು, ನಮ್ಮ ಯಜಮಾನರು, ಯಾರೂ ಈಗಿಲ್ಲ. ಅವಳು ಇದ್ದರೆ ನನ್ನದೇ ವಯಸ್ಸು. ಯಾವುದೋ ಊರಲ್ಲಿ, ಯಾವುದೋ ಭಾಷೆ ಮಾತಾಡುವ ಮೊಮ್ಮಕ್ಕಳ ನಡುವೆ ಕೂತು, ನನ್ನನ್ನು ಬರಿ ಮಡಿಲಲ್ಲಿ ಕಳಿಸಿದರು, ಆಮೇಲೆ ಒಬ್ಬರೂ ತಿರುಗಿ ನೋಡಲಿಲ್ಲ ಎಂದು ಇವತ್ತಿಗೂ ನೊಂದುಕೊಳ್ಳುತ್ತಿರಬಹುದು. ನಿನ್ನವ್ವ ಬಂದಿದ್ದಳು ಕಣೇ, ಬಿಸಿಲಲ್ಲಿ ಬರಿಗಾಲಲ್ಲಿ ಪೇಟೆಯ ನಲ್ಲಿಗಳನ್ನೆಲ್ಲ ಹುಡುಕಿದಳು, ನಿನ್ನಪ್ಪ ಸಿಕ್ಕಳೇ ಎಂದು ಕೇಳಿದ ಎಂದು ಅವಳಿಗೆ ಹೇಳಬೇಕು. ಹೇಳಲು ಉಳಿದಿರುವವಳು ನಾನೊಬ್ಬಳೇ. ಅವಳೆಲ್ಲಿದ್ದಾಳೋ ನನಗೆ ಗೊತ್ತಿಲ್ಲ.